ಸಂದೇಶ ನನಗೆ, ಬಿಸಿಲು ಅವರಿಗೆ

ನವಿ ಪೇಠದಲ್ಲಿ ಮಧ್ಯಾಹ್ನ ಎರಡು ಗಂಟೆ ಎಂದರೆ ವ್ಯಾಪಾರಸ್ಥರಿಗೆ ಊಟದ ಹೊತ್ತು, ಹಮಾಲರಿಗೆ ಗಂಟು ಹೊರುವ ಹೊತ್ತು. ಬೆಳಗಿನ ಗಿರಾಕಿ ಹೋಗಿರುತ್ತಾರೆ, ಸಂಜೆಯ ಗಿರಾಕಿ ಇನ್ನೂ ಬಂದಿರುವುದಿಲ್ಲ. ರಸ್ತೆ ಖಾಲಿ ಇರುವುದರಿಂದ ಹಾತಗಾಡಿ ಸಲೀಸಾಗಿ ಓಡುತ್ತದೆ. ಅಕ್ಕಲಕೋಟ, ದುಧನಿ, ಮೈಂದರ್ಗಿ, ಅಫಜಲಪುರ, ಇಂಡಿ ಕಡೆಯ ಅಂಗಡಿಕಾರರು ಬೆಳಿಗ್ಗೆ ಬಂದು ಆರಿಸಿಟ್ಟ ಮಾಲು ಸಂಜೆಯ ಗಾಡಿಗೆ ಹೋಗಬೇಕಾದರೆ ಇದೇ ಹೊತ್ತಿನಲ್ಲಿ ಕಟ್ಟಿ ಸಾಗಿಸಬೇಕು. ನಾನು ಇಲ್ಲಿಯ ಒಂದು ಠೋಕ ಬಟ್ಟೆ ಅಂಗಡಿಯಲ್ಲಿ ದಿವಾಣಜಿಯಾಗಿ ಲೆಕ್ಕ ಬರೆಯಲು ಕುಳಿತು ಇಪ್ಪತ್ತೆರಡು ವರ್ಷವಾಯಿತು. ಅಂದಿನಿಂದಲೂ ಈ ಪದ್ಧತಿ ಹೀಗೇ ಇದೆ.

2024ರ ಏಪ್ರಿಲ್ ಮುಗಿಯುವ ಹೊತ್ತಿನ ಒಂದು ದಿನ. ಊಟ ಮುಗಿಸಿ ಗಾದಿಯ ಮೇಲೆ ಕುಳಿತಿದ್ದೆ. ಮೇಲೆ ಫ್ಯಾನು ತಿರುಗುತ್ತಿತ್ತು. ಫೋನಿಗೆ ಮರಾಠಿಯಲ್ಲಿ ಒಂದು ಸಂದೇಶ ಬಂತು. ಉಷ್ಣತೆಯ ಅಲೆ ಇದೆ, ಕಾರಣವಿಲ್ಲದೆ ಬಿಸಿಲಿಗೆ ಹೊರಬೀಳಬೇಡಿ, ನೀರು ಕುಡಿಯಿರಿ ಎಂಬ ಅರ್ಥದ ನಾಲ್ಕು ಸಾಲು. ಓದಿದೆ. "ಸೊಲ್ಲಾಪುರದಾಗ ಬಿಸಲ ಅದ ಅಂತ ಇವರು ಹೇಳಬೇಕೇನು?" ಎಂದು ಪಕ್ಕದವರಿಗೆ ನಗೆಯಾಡಿ ಅಳಿಸಿಬಿಟ್ಟೆ.

ಅದೇ ಹೊತ್ತಿಗೆ ನಮ್ಮ ಹಮಾಲ ಕಾಕಾ ಹಾತಗಾಡಿ ತಂದು ನಿಲ್ಲಿಸಿದರು. ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯವರು, ವಯಸ್ಸು ಐವತ್ತರ ಮೇಲೆ. ಮನೆಯಲ್ಲಿ ಕನ್ನಡ, ಪೇಠದಲ್ಲಿ ಮರಾಠಿ. ಅದು ಅವರ ನಾಲ್ಕನೆಯ ಖೇಪು.

"ದಿವಾಣಜಿ, ತೆಲಿ ಗಿರ್ ಅನ್ಲಾಕತ್ತದರಿ" ಎಂದರು.

ನಾನು ಹೇಳಿದ್ದು ಇಷ್ಟು: "ಕಾಕಾ, ಇದೊಂದು ಖೇಪ್ ಮುಗಿಸಿ ಬಂದು ನೆಳ್ಳಿಗಿ ಕೂಡ್ರಿ. ಗಾಡಿ ತಪ್ತದ."

ಅವರು ಹೋದರು. ಟ್ರಾನ್ಸ್‌ಪೋರ್ಟ್ ಕಚೇರಿಗೆ ಇನ್ನೂರು ಹೆಜ್ಜೆ ಇರುವಾಗ ಗಾಡಿಯ ಮೂಕಿ ಬಿಟ್ಟು ಡಾಂಬರಿನ ಮೇಲೆ ಬಿದ್ದರು.

ನಮಗೆ ಗೊತ್ತಿದ್ದದ್ದು, ಗೊತ್ತಿಲ್ಲದಿದ್ದದ್ದು

ನಾನು ಓಡಿ ಹೋಗುವಷ್ಟರಲ್ಲಿ ಜನ ಸುತ್ತ ನೆರೆದು ಗಾಳಿಯನ್ನೇ ಕಟ್ಟಿದ್ದರು. ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದಿದ್ದರು. ಇನ್ನೊಬ್ಬರು ಬಾಟಲಿಯಿಂದ ಬಾಯಿಗೆ ನೀರು ಸುರಿಯುತ್ತಿದ್ದರು, ಅದು ಕಟಬಾಯಿಂದ ಹೊರಗೆ ಹರಿಯುತ್ತಿತ್ತು. ಕಾಕಾ ಏನೋ ಬಡಬಡಿಸುತ್ತಿದ್ದರು. ನನ್ನ ಗುರುತು ಸಿಗಲಿಲ್ಲ. ಮೈ ಮುಟ್ಟಿದರೆ ಕಾದ ಹಂಚು.

ಎದುರಿನ ಔಷಧಿ ಅಂಗಡಿಯ ಹುಡುಗ ಬಂದು ಎಲ್ಲರನ್ನೂ ಗದರಿಸಿದ. ಬಾಯಿಗೆ ನೀರು ಹಾಕುವುದನ್ನು ಬಿಡಿಸಿದ. ನಾಲ್ಕು ಜನ ಹೊತ್ತು ಅಂಗಡಿಯ ನೆರಳಿಗೆ ತಂದೆವು. ಅಂಗಿ ಬಿಚ್ಚಿ ಎರಡು ಕೊಡ ನೀರು ಮೈಮೇಲೆ ಸುರಿದು, ರಟ್ಟಿನಿಂದ ಗಾಳಿ ಬೀಸಿದೆವು. ನಮ್ಮದೇ ಗಂಟು ಬಿಚ್ಚಿ ಹೊಸ ಟವೆಲುಗಳನ್ನು ತೋಯಿಸಿ ಕುತ್ತಿಗೆಗೆ, ಕಂಕುಳಿಗೆ ಇಟ್ಟೆವು. ಅಂಬುಲೆನ್ಸು ಬರುವ ಹೊತ್ತಿಗೆ ಕಣ್ಣು ತೆರೆದಿದ್ದರು. ಅವರನ್ನು ನೋಡಿದ ಡಾಕ್ಟರರು ಆಮೇಲೆ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಲ್ಲೇ ತಂಪು ಮಾಡಿದ್ದಕ್ಕ ಉಳದಾರ. ಹಾಂಗೇ ರಿಕ್ಷಾದಾಗ ಹಾಕ್ಕೊಂಡು ಬಂದಿದ್ರ ಹೇಳ್ಳಿಕ್ಕೆ ಬರ್ತಿರಲಿಲ್ಲ."

ಕಾಕಾ ಉಳಿದರು. ಆದರೆ ಎರಡು ತಿಂಗಳು ಗಂಟು ಹೊರಲಾಗಲಿಲ್ಲ. ಬಿಸಿಲಿಗೆ ಬಂದರೆ ಕಾಲು ನಡುಗುತ್ತಿದ್ದವು. ಹಮಾಲಿ ಎಂಬುದು ಖೇಪಿನ ಲೆಕ್ಕ. ಖೇಪು ಇಲ್ಲದಿದ್ದರೆ ರೊಕ್ಕವಿಲ್ಲ. ಮಹಾರಾಷ್ಟ್ರದಲ್ಲಿ ಮಾಥಾಡಿ ಹಮಾಲರಿಗಾಗಿ 1969ರಷ್ಟು ಹಿಂದೆಯೇ ಕಾಯ್ದೆ ಬಂದಿದೆ ನಿಜ. ಆದರೆ ನಮ್ಮ ಓಣಿಯಲ್ಲಿ ಬಾಯಿಮಾತಿನ ಮೇಲೆ ದುಡಿಯುವವರೂ ಇದ್ದಾರೆ. ಕಾಕಾ ಅಂಥವರಲ್ಲಿ ಒಬ್ಬರು.

ಆ ಎರಡು ತಿಂಗಳು ನನ್ನನ್ನು ಕೊರೆದ ಪ್ರಶ್ನೆ ಒಂದೇ. ಎಚ್ಚರಿಕೆ ಬಂದಿರಲಿಲ್ಲವೆಂದು ಯಾರನ್ನು ಬೈಯಲಿ? ಅದು ಬಂದಿತ್ತು. ಸರಿಯಾದ ದಿನವೇ ಬಂದಿತ್ತು. ಆದರೆ ಬಂದದ್ದು ಫ್ಯಾನಿನ ಕೆಳಗೆ ಕುಳಿತ ನನಗೆ. ಕಾಕಾನ ಫೋನು ಅಂಗಡಿಯ ಮೊಳೆಗೆ ನೇತುಹಾಕಿದ ಚೀಲದಲ್ಲಿತ್ತು. ಗಂಟು ಹೊರುವವ ಜೇಬಿನಲ್ಲಿ ಫೋನು ಇಟ್ಟುಕೊಳ್ಳುವುದಿಲ್ಲ.

ಎಚ್ಚರಿಕೆ ಬರುವ ದಾರಿ

ಈ ಸಂದೇಶಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಅಲ್ಲಿಯವರೆಗೆ ನಾನು ವಿಚಾರಿಸಿದವನಲ್ಲ. ಆಮೇಲೆ ತಿಳಿದುಕೊಂಡೆ. ಬಿಸಿಲಿನ ಮುನ್ಸೂಚನೆ ಕೊಡುವುದು ಭಾರತ ಹವಾಮಾನ ಇಲಾಖೆ. ಅದು ಜಿಲ್ಲೆವಾರು ಬಣ್ಣ ಹಚ್ಚುತ್ತದೆ: ಹಸಿರು ಎಂದರೆ ಚಿಂತೆಯಿಲ್ಲ, ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೆ ಕ್ರಮ ಕೈಕೊಳ್ಳಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ' ಎಂಬ ವ್ಯವಸ್ಥೆಯ ಮೂಲಕ ರಾಜ್ಯದವರು ಅದನ್ನು ಆಯಾ ಭಾಗದ ಫೋನುಗಳಿಗೆ ಕಳಿಸುತ್ತಾರೆ.

ಇದಲ್ಲದೆ ಇನ್ನೊಂದು ಬಗೆಯೂ ಉಂಟು. ಅದು ಟವರಿನಿಂದ ಬಿತ್ತರಿಸುವ ಸಂದೇಶ. ಇದಕ್ಕೆ ನಿಮ್ಮ ನಂಬರು ಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. ಆ ಟವರಿನ ಕಕ್ಷೆಯಲ್ಲಿ ಯಾವ ಯಾವ ಫೋನು ಇದೆಯೋ ಅವೆಲ್ಲ ಒಮ್ಮೆಲೆ ಕಿರುಚುತ್ತವೆ. ದನಿ ಮುಚ್ಚಿಟ್ಟಿದ್ದರೂ ಕೂಗುವಂತೆ ಮಾಡಬಹುದು. 2023ರ ಜುಲೈಯಲ್ಲಿ ಮಹಾರಾಷ್ಟ್ರದಲ್ಲಿ ಇದರ ಪರೀಕ್ಷೆ ನಡೆದಾಗ ಜನ ಗಾಬರಿಯಾಗಿ ಫೋನು ಕೆಳಗಿಟ್ಟದ್ದು ಓದುಗರಿಗೆ ನೆನಪಿರಬಹುದು. ಅದೇ ವರ್ಷ ಅಕ್ಟೋಬರ್ 12ರಂದು ಕರ್ನಾಟಕದಲ್ಲಿಯೂ ಪರೀಕ್ಷೆಯಾಯಿತು. ಈ ಕಡೆ ಇಂಗ್ಲಿಷು ಮತ್ತು ಮರಾಠಿ, ಆ ಕಡೆ ಇಂಗ್ಲಿಷು ಮತ್ತು ಕನ್ನಡ. ಹಳೆಯ ಗುಂಡಿ ಫೋನುಗಳಲ್ಲಿ ಇದು ಬಾರದೆಯೂ ಹೋಗಬಹುದು.

ಗಡಿಯ ತೊಡಕು ಶುರುವಾಗುವುದು ಇಲ್ಲಿ. ಹವಾಮಾನದವರ ನಕಾಶೆಯಲ್ಲಿ ಸೊಲ್ಲಾಪುರ ಜಿಲ್ಲೆ 'ಮಧ್ಯ ಮಹಾರಾಷ್ಟ್ರ'ದಲ್ಲಿದೆ, ಪಕ್ಕದ ಕಲಬುರಗಿ, ವಿಜಯಪುರಗಳು 'ಉತ್ತರ ಒಳನಾಡು ಕರ್ನಾಟಕ'ದಲ್ಲಿವೆ. ಒಂದಕ್ಕೆ ಮುಂಬಯಿಯ ಕೇಂದ್ರ, ಇನ್ನೊಂದಕ್ಕೆ ಬೆಂಗಳೂರಿನ ಕೇಂದ್ರ. ದುಧನಿಯ ಅಡತಿ ಅಂಗಡಿಗೆ ತೊಗರಿ ತರುವ ಅಫಜಲಪುರದ ರೈತ ಬೆಳಿಗ್ಗೆ ಒಂದು ಕೇಂದ್ರದ ಮುನ್ಸೂಚನೆಯ ಕೆಳಗೆ ಎದ್ದು, ಮಧ್ಯಾಹ್ನ ಇನ್ನೊಂದರ ಕೆಳಗೆ ಚೀಲ ಇಳಿಸುತ್ತಾನೆ. ಬಿಸಿಲು ಎರಡೂ ಕಡೆಗೆ ಒಂದೇ. ಗಡಿಯ ಹಳ್ಳಿಗಳಲ್ಲಿ ಒಂದೇ ಓಣಿಯ ಎರಡು ಮನೆಗಳ ಫೋನುಗಳು ಎರಡು ರಾಜ್ಯದ ಟವರು ಹಿಡಿಯುವುದನ್ನು ನಾವು ದಿನಾ ನೋಡುತ್ತೇವೆ.

'ಲಾಟ' ಅಂದ್ರ ಏನಪಾ?

ಪೇಠದಲ್ಲಿ ಹೀಗಾದರೆ ಹಳ್ಳಿಯಲ್ಲಿ ಹೇಗೆ ಎಂದು ನೋಡುವ ಮನಸ್ಸಾಯಿತು. ಮುಂದಿನ ಭಾನುವಾರ ಮೈಂದರ್ಗಿ ಕಡೆಯ ನಮ್ಮ ಚಿಗವ್ವನ ಊರಿಗೆ ಹೋದೆ. ಚಿಗವ್ವನಿಗೆ ಎಪ್ಪತ್ತರ ಸಮೀಪ. ಕನ್ನಡ ಬಿಟ್ಟರೆ ಸಂತೆಯ ನಾಲ್ಕು ಮಾತು ಮರಾಠಿ. ಅವರ ಮನೆಯ ಫೋನಿಗೂ ಅದೇ ಸಂದೇಶ ಬಂದಿತ್ತೇ ಎಂದು ಕೇಳಿದೆ.

"ಬಂದಿತ್ತಪಾ. ಹುಡುಗ ಅಕ್ಷರ ಕೂಡಿಸಿ ಓದಿದ. ಲಾಟ, ಲಾಟ ಅಂತಿದ್ದ. ಲಾಟ ಅಂದ್ರ ಏನಪಾ? ಲಾಟರಿ ಹತ್ಯಾದ ಅಂತ ಮೋಸಾ ಮಾಡ್ತಾರಲ್ಲ, ಅದೇ ಇರಬೇಕಂತ ಅಳಿಸಿಬಿಡಪಾ ಅಂದೆ."

ನಗು ಬಂತು, ಮರುಕ್ಷಣ ನಾಚಿಕೆಯೂ ಆಯಿತು. ಮರಾಠಿಯಲ್ಲಿ 'ಲಾಟ' ಎಂದರೆ ಅಲೆ. 'ಉಷ್ಣತೇಚಿ ಲಾಟ' ಎಂದರೆ ಶಾಖದ ಅಲೆ. ಪೇಠದಲ್ಲಿ ಕುಳಿತ ನನಗೆ ಅದು ತಿಳಿಯುತ್ತದೆ, ಚಿಗವ್ವನಿಗೆ ತಿಳಿಯುವುದಿಲ್ಲ. ಹಾಗೆಂದು ಅದನ್ನು ಕನ್ನಡದಲ್ಲಿ 'ಉಷ್ಣ ಅಲೆ' ಎಂದು ಕಳಿಸಿದರೆ ತಿಳಿದೀತೇ? ಅದೂ ಸಂಶಯವೇ. "ನಾಳಿ ಬಿಸಲ ಜೀವಾ ತಗೋತದ, ಹನ್ನೊಂದರಮ್ಯಾಲ ಹೊಲದಾಗ ಇರಬ್ಯಾಡ್ರಿ" ಎಂದರೆ ಯಾರಿಗಾದರೂ ತಿಳಿಯುತ್ತದೆ. ಬಣ್ಣದ ಕಥೆಯೂ ಹೀಗೇ. "ಹಳದಿ ಅಲರ್ಟ್ ಅದ" ಎಂದಾಗ ಚಿಗವ್ವ, "ಹಳದಿ ಅಂದ್ರ ಶುಭ ಅಲ್ಲೇನೋ" ಎಂದಳು. ಅರಿಷಿಣ ಹಚ್ಚಿ ಮದುವೆ ಮಾಡುವ ನಾಡಿನಲ್ಲಿ ಹಳದಿಗೆ ಯಾರು ಹೆದರುತ್ತಾರೆ?

ಇದು ಕನ್ನಡ-ಮರಾಠಿ ಜಗಳದ ಮಾತಲ್ಲ. ಅಕ್ಕಲಕೋಟ ತಾಲೂಕು ಯಾವ ಕಡೆ ಇರಬೇಕೆಂದು 1967ರ ಮಹಾಜನ ವರದಿ ಬಂದ ಮೇಲೆ ಆಡಿದ ವಾದಗಳೆಲ್ಲ ಆಗಿವೆ. ಅದನ್ನು ಇಲ್ಲಿ ತರುವುದು ಬೇಡ. ಚುನಾವಣೆಯ ಹೊತ್ತಿಗೆ ಇದೇ ಹಳ್ಳಿಗಳಲ್ಲಿ ಕನ್ನಡದಲ್ಲಿ ಭಾಷಣ ಮಾಡಿ ಮತ ಕೇಳುವುದು ಎಲ್ಲ ಪಕ್ಷದವರಿಗೂ ಬರುತ್ತದೆ. ಜೀವ ಉಳಿಸುವ ನಾಲ್ಕು ಸಾಲೂ ಎರಡು ಭಾಷೆಯಲ್ಲಿ ಬರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಸಂದೇಶ ಬಾರದ ದಿನದ ಬಿಸಿಲು

ಇನ್ನೊಂದು ಸಂಗತಿಯನ್ನು ರೈತ ಬಾಂಧವರು ಅವಶ್ಯ ಗಮನದಲ್ಲಿಡಬೇಕು. ಸಂದೇಶ ಬರಲಿಲ್ಲವೆಂದರೆ ಅಪಾಯವಿಲ್ಲವೆಂದು ಅರ್ಥವಲ್ಲ. ಬಯಲು ಸೀಮೆಯಲ್ಲಿ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಿ, ಆ ದಿನದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾದರೆ ಹವಾಮಾನದವರು ಅದನ್ನು ಶಾಖದ ಅಲೆ ಎನ್ನುತ್ತಾರೆ. ಇಲ್ಲವೆ ವಾಡಿಕೆ ಏನೇ ಇರಲಿ, 45 ಡಿಗ್ರಿ ಮುಟ್ಟಬೇಕು. ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಆದ್ದರಿಂದ 43 ಡಿಗ್ರಿ ಕಾದ ದಿನವೂ ಲೆಕ್ಕದ ಪ್ರಕಾರ 'ಅಲೆ' ಆಗದೆ ಹೋಗಬಹುದು. ಫೋನು ಸುಮ್ಮನಿರುತ್ತದೆ, ಮನುಷ್ಯ ಬೀಳುತ್ತಾನೆ.

ಅಲ್ಲದೆ ಆ 43 ಎಂಬುದು ನೆರಳಿನ ಲೆಕ್ಕ. ಹವಾಮಾನದವರು ಉಷ್ಣಮಾಪಕವನ್ನು ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ಎದೆಯೆತ್ತರದಲ್ಲಿ ಇಡುತ್ತಾರೆ. ಕಾದ ಡಾಂಬರಿನ ಮೇಲೆ ಗಾಡಿ ಎಳೆಯುವವನಿಗೂ, ಬಟಾಬಯಲ ಕರಿ ಎರೆಯಲ್ಲಿ ಗೊಬ್ಬರ ಹರಗುವವನಿಗೂ ಅದಕ್ಕಿಂತ ಎಷ್ಟೋ ಹೆಚ್ಚು ಝಳ ಬಡಿಯುತ್ತದೆ. ಕಷ್ಟದ ಕೆಲಸದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಗಾಳಿಯೇ ಮೈಗಿಂತ ಬಿಸಿಯಾದ ಮೇಲೆ ದೇಹಕ್ಕೆ ತಂಪಾಗಲು ಇರುವುದು ಬೆವರೊಂದೇ ದಾರಿ. ಆ ನೀರು ತೀರಿದರೆ ಒಳಗಿನ ಕಾವು ಏರುತ್ತ ಹೋಗಿ 40 ಡಿಗ್ರಿ ದಾಟುತ್ತದೆ, ಬುದ್ಧಿ ಭ್ರಮಿಸುತ್ತದೆ. ಇದೇ ಉಷ್ಮಾಘಾತ, ನಮ್ಮ ಜನ ಹೇಳುವ 'ಬಿಸಲ ಹೊಡತ'.

ಉಷ್ಣಮಾಪಕದ ಅಂಕೆಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದಲ್ಲಿಯೇ ನಿದರ್ಶನವಿದೆ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ಪ್ರಶಸ್ತಿ ಪ್ರದಾನದ ಬಯಲು ಸಭೆಯಲ್ಲಿ ಕುಳಿತ ಜನರಲ್ಲಿ ಬಿಸಿಲು ಬಡಿದು 14 ಮಂದಿ ತೀರಿಕೊಂಡರು. ಆ ಭಾಗದ ಉಷ್ಣತೆ ಅಂದು 38 ಡಿಗ್ರಿಯ ಸುಮಾರಿನಲ್ಲಿತ್ತು. ಸಮುದ್ರದ ಬದಿಯ ಹಸಿ ಗಾಳಿಯಲ್ಲಿ ಬೆವರು ಆರುವುದಿಲ್ಲ, ನೆರಳೂ ಇರಲಿಲ್ಲ. ನಮ್ಮ ಭಾಗದಲ್ಲಿ ಚೈತ್ರ ವದ್ಯದಲ್ಲಿ ಅಕ್ಕಲಕೋಟದ ಸ್ವಾಮಿ ಸಮರ್ಥರ ಪುಣ್ಯತಿಥಿಗೆ, ಅಲ್ಲಿಂದ ಗಾಣಗಾಪುರಕ್ಕೆ ಬರಿಗಾಲಲ್ಲಿ ನಡೆಯುವ ಭಕ್ತರಿದ್ದಾರೆ. ಮದುವೆಯ ಮೆರವಣಿಗೆಗಳಿವೆ. ಇವನ್ನು ನಡೆಸುವ ಹಿರಿಯರು ಖಾರಘರವನ್ನು ಮರೆಯಬಾರದು.

ಸಿಡಿಲಿನ ವಿಷಯದಲ್ಲಿ ನಮ್ಮ ರೈತರು ಜಾಣರಾಗಿದ್ದಾರೆ. 'ದಾಮಿನಿ' ಆ್ಯಪು ಕೂಗಿದರೆ ಗಿಡದ ಕೆಳಗಿನಿಂದ ಎದ್ದು ಮನೆ ಸೇರುತ್ತಾರೆ. ಯಾಕೆಂದರೆ ಮೋಡ ಕಾಣುತ್ತದೆ, ಗುಡುಗು ಕೇಳುತ್ತದೆ. ಬಿಸಿಲು ಹಾಗಲ್ಲ. ಅದು ನಿನ್ನೆಯೂ ಇತ್ತು, ಇವತ್ತೂ ಇದೆ. ದಿನಾ ಬರುವ ನೆಂಟನನ್ನು ಕಳ್ಳನೆಂದು ಯಾರು ಅನ್ನುತ್ತಾರೆ? ನಾನು ನಕ್ಕು ಸಂದೇಶ ಅಳಿಸಿದ್ದೂ ಇದೇ ಸಲಿಗೆಯಿಂದ.

ಡಂಗುರ ಹೋಯಿತು, ಮಾಳಿಗೆ ಹೋಯಿತು

ಚಿಗವ್ವನ ಊರಿನ ಕಟ್ಟೆಯ ಮೇಲೆ ಹಿರಿಯರೊಬ್ಬರು ಹಳೆಯ ಮಾತು ತೆಗೆದರು. ಮೊದಲು ಪ್ಲೇಗು ಬರಲಿ, ಹೊಳೆ ಬರಲಿ, ಕೋತವಾಲ ಹಲಗಿ ಬಡಿದು ಓಣಿ ಓಣಿ ಡಂಗುರ ಸಾರುತ್ತಿದ್ದ. ಮರಾಠಿಯವರ ಓಣಿಯಲ್ಲಿ ಅದಕ್ಕೆ ದವಂಡಿ ಎನ್ನುತ್ತಿದ್ದರು. "ಅಂವಾ ನಮ್ಮ ಓಣ್ಯಾಗ ಕನ್ನಡದಾಗ ಒದರ್ತಿದ್ದ, ಆಚಿ ಓಣ್ಯಾಗ ಮರಾಠ್ಯಾಗ. ಕಿವುಡಗ ಸೈತ ಹಲಗಿ ಕೇಳ್ತಿತ್ತು" ಎಂದರು. ಆ ಕೋತವಾಲನಿಗೆ ಯಾರ ಮನೆಯಲ್ಲಿ ಯಾವ ಭಾಷೆ ಎಂಬುದು ಗೊತ್ತಿತ್ತು. ಯಾರು ಹೊಲದಲ್ಲಿದ್ದಾರೆ, ಯಾವ ಮುದುಕಿ ಒಬ್ಬಳೇ ಇದ್ದಾಳೆ ಎಂಬುದೂ ಗೊತ್ತಿತ್ತು. ಅಷ್ಟು ತಿಳಿವಳಿಕೆ ಇನ್ನೂ ಯಾವ ಟವರಿಗೂ ಬಂದಿಲ್ಲ.

ಮನೆಗಳೂ ಬದಲಾಗಿವೆ. ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಹಳೆಯ ಮನೆ ಮಧ್ಯಾಹ್ನದ ಝಳವನ್ನು ಒಳಗೆ ಬಿಡುತ್ತಿರಲಿಲ್ಲ. ಮಾಳಿಗೆ ಸೋರುತ್ತದೆ, ವರ್ಷಾ ಮಣ್ಣು ಹಾಕುವವರಿಲ್ಲ ಎಂದು ಜನ ಪತ್ರಾ ಹಾಕಿದರು. ಪತ್ರಾದ ಕೆಳಗೆ ಮಧ್ಯಾಹ್ನ ಕೂಡುವುದೆಂದರೆ ಒಲೆಯ ಮೇಲೆ ಕೂತಂತೆ. "ಮನ್ಯಾಗ ಇರ್ರಿ" ಎಂಬ ಸರಕಾರದ ಸಲಹೆ ಪತ್ರಾ ಮನೆಯವರಿಗೆ ಹೇಗೆ ಅನ್ವಯಿಸಬೇಕು? ಅವರಿಗೆ ಬೇವಿನ ನೆರಳೋ, ಗುಡಿಯ ಮಂಟಪವೋ, ಶಾಲೆಯ ಪಡಸಾಲೆಯೋ ಬೇಕು. ಬೇಸಿಗೆಯ ಸೂಟಿಯಲ್ಲಿ ಶಾಲೆಗೆ ಬೀಗ ಹಾಕುವ ಬದಲು ಒಂದು ಪಡಸಾಲೆ ತೆರೆದಿಟ್ಟರೆ ಖರ್ಚೇನೂ ಇಲ್ಲ.

ಹೊತ್ತು ಬದಲಿಸಿದರೆ ಸಾಕು

ಕರ್ನಾಟಕ ಸರಕಾರ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಹಾಗೆಯೇ ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಗೆ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ರೂಢಿ ಇಟ್ಟುಕೊಂಡಿದೆ. 2025ರ ಏಪ್ರಿಲ್-ಮೇಯಲ್ಲಿಯೂ ಹಾಗೇ ಆಯಿತು. ಇದನ್ನು ತಿಳಿಯದೆ ನಮ್ಮ ಕಡೆಯವರು ಮೂರು ಗಂಟೆಗೆ ಅಫಜಲಪುರದ ಕಚೇರಿಗೆ ಹೋಗಿ ಬೀಗ ನೋಡಿ ಬಂದು ಬೈಯುವುದುಂಟು. ಆದರೆ ಯೋಚಿಸಿದರೆ ಅದರಲ್ಲಿ ನಮಗೊಂದು ಪಾಠವಿದೆ. ಫ್ಯಾನಿನ ಕೆಳಗೆ ಕೂಡುವ ನೌಕರನಿಗೇ ಹೊತ್ತು ಬದಲಿಸಬಹುದಾದರೆ, ಗಂಟು ಹೊರುವವನಿಗೆ, ಕಳೆ ತೆಗೆಯುವವಳಿಗೆ ಯಾಕೆ ಬದಲಿಸಬಾರದು?

ಗುಜರಾತಿನ ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಲಿಗೆ ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯ ಮಹಾನಗರಪಾಲಿಕೆ 2013ರಲ್ಲಿ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ಮೊದಲೇ ಎಚ್ಚರಿಸುವುದು, ಕುಡಿಯುವ ನೀರು ಇಡುವುದು, ಆಸ್ಪತ್ರೆಯವರಿಗೆ ತರಬೇತಿ ಕೊಡುವುದು ಅದರಲ್ಲಿದ್ದವು. ಬೇರೆ ಊರುಗಳು ಅದನ್ನು ನೋಡಿ ಕಲಿತವು. ಅದರಲ್ಲಿ ದೊಡ್ಡ ಯಂತ್ರವೇನೂ ಇಲ್ಲ. ಎಚ್ಚರಿಕೆ ಬಂದ ಮೇಲೆ ಯಾರು ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತು ಮಾಡಿಕೊಂಡರು, ಅಷ್ಟೇ. ನಮ್ಮಲ್ಲಿ ಕೊರತೆಯಾದದ್ದು ಅದೇ. ನನ್ನ ಫೋನಿಗೆ ಎಚ್ಚರಿಕೆ ಬಂತು. ಅದು ಬಂದ ಮೇಲೆ ನಾನು ಮಾಡಬೇಕಾದ ಕೆಲಸ ಒಂದಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಎಲ್ಲರೂ ತಿಳಿದಿರಬೇಕಾದದ್ದು

ತಲೆ ತಿರುಗುವುದು, ವಾಕರಿಕೆ, ಕಾಲಿಗೆ ಬಾಂಯಟೆ, ವಿಪರೀತ ಸುಸ್ತು ಕಂಡರೆ ಅದು ಮೊದಲ ಎಚ್ಚರಿಕೆ. ಅಲ್ಲಿಗೇ ಕೆಲಸ ನಿಲ್ಲಿಸಿ ನೆರಳಿಗೆ ಕೂಡಿಸಿ. ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕೊಡಿ. ಓ.ಆರ್.ಎಸ್. ಪುಡಿ ಇಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಸಪಾಟಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು.

ಮಾತು ತೊದಲಿದರೆ, ಗುರುತು ತಪ್ಪಿದರೆ, ಎಚ್ಚರ ತಪ್ಪಿದರೆ ಅದು ಪ್ರಾಣದ ಮಾತು. ಆಗ ಬಾಯಿಗೆ ಏನೂ ಹಾಕಬೇಡಿ, ನೀರು ಶ್ವಾಸಕ್ಕೆ ಹೋಗುತ್ತದೆ. ಒಂದು ಮಗ್ಗಲಾಗಿ ಮಲಗಿಸಿ. ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆಯ ಬಟ್ಟೆ ಇಡಿ. ಜ್ವರದ ಗುಳಿಗೆ ಇದಕ್ಕೆ ಕೆಲಸ ಮಾಡುವುದಿಲ್ಲ. ಒಬ್ಬರು ತಂಪು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನು ಮಾಡಿ. 108 ಎರಡೂ ರಾಜ್ಯದಲ್ಲಿ ಇದೆ. ಆದರೆ ಗಡಿಯಲ್ಲಿ ಕರೆ ಟವರು ಹಿಡಿದು ಆಚೆ ರಾಜ್ಯಕ್ಕೆ ಹೋಗುವ ಸಂಭವವಿರುವುದರಿಂದ, ಊರ ಹೆಸರಿಗಿಂತ ಮೊದಲು ರಾಜ್ಯ, ಜಿಲ್ಲೆ, ತಾಲೂಕು ಹೇಳಿ.

ಬೇಸಿಗೆಯ ಮೊದಲ ವಾರ, ಹೊಸದಾಗಿ ಕೆಲಸಕ್ಕೆ ಬಂದವರು, ಹಿರಿಯರು, ಸಕ್ಕರೆ ಮತ್ತು ಬಿ.ಪಿ. ಇದ್ದವರು, ರಾತ್ರಿ ಕುಡಿದು ಬೆಳಿಗ್ಗೆ ಕೆಲಸಕ್ಕೆ ಬರುವವರು, ಇವರ ಮೇಲೆ ಹೆಚ್ಚು ಕಣ್ಣಿರಲಿ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕಾಗುತ್ತದೆ.

ನಮ್ಮ ಓಣಿಯಲ್ಲಿ ಆದದ್ದು

ಕಾಕಾ ಬಿದ್ದ ಮರುವಾರ ನಮ್ಮ ಓಣಿಯ ಏಳೆಂಟು ಅಂಗಡಿಯವರು ಕೂಡಿದೆವು. ಮಾತು ಸುಲಭವಾಗಲಿಲ್ಲ. "ಮಾಲು ಸಂಜಿಗಿ ಹೋಗಲಿಲ್ಲಂದ್ರ ಗಿರಾಕಿ ಬ್ಯಾರೆ ಪೇಠಿಗಿ ಹೋಗ್ತಾನ" ಎಂದು ಒಬ್ಬ ಸಾವಕಾರರು ಎದ್ದೇ ಬಿಟ್ಟರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕಡೆಗೆ ಹಳ್ಳಿಯ ಗಿರಾಕಿಗಳಿಗೇ ಫೋನು ಮಾಡಿ ಕೇಳಿದೆವು. ಏಪ್ರಿಲ್, ಮೇ ಎರಡು ತಿಂಗಳು ಮಾಲು ಮರುದಿನ ಬೆಳಗಿನ ಗಾಡಿಗೆ ಬಂದರೆ ನಡೆಯುತ್ತದೆ ಎಂದು ಬಹಳ ಜನ ಒಪ್ಪಿದರು. "ನಮ್ಮಲ್ಲೂ ಮಧ್ಯಾಹ್ನ ಯಾರು ಬರ್ತಾರ ಮಾರಾಯಾ, ಬಾಗಲಾ ಮುಂದ ಮಾಡಿ ಮಲಗ್ತೇವಿ" ಎಂದರು ದುಧನಿಯ ಒಬ್ಬರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಆದ್ದರಿಂದ ಯಾರೂ ಹೇಳಿರಲಿಲ್ಲ.

ಈಗ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಗಂಟು ಹೊರುವುದು ಬೆಳಿಗ್ಗೆ ಆರರಿಂದ ಹನ್ನೊಂದು, ಸಂಜೆ ಐದರ ಮೇಲೆ. ಎರಡು ಹರವಿ ನೀರು ಇಟ್ಟಿದ್ದೇವೆ. ಕನ್ನಡದವರು ಅರವಟ್ಟಿಗೆ ಅನ್ನುತ್ತಾರೆ, ಮರಾಠಿಯವರು ಪಾಣಪೋಯಿ ಅನ್ನುತ್ತಾರೆ, ನೀರು ಒಂದೇ. ಸಂದೇಶ ಬಂದರೆ ನಾನು ಅದನ್ನು ಅಳಿಸುವುದಿಲ್ಲ. ಕರಿಹಲಗೆಯ ಮೇಲೆ ಎರಡೂ ಭಾಷೆಯಲ್ಲಿ ಸುಣ್ಣದ ಕಡ್ಡಿಯಿಂದ ಬರೆಯುತ್ತೇನೆ, ಬಾಯಿಂದಲೂ ಕೂಗಿ ಹೇಳುತ್ತೇನೆ. ಚಿಗವ್ವನ ಊರಿಗೆ ರಾತ್ರಿ ಎಂಟಕ್ಕೆ ಫೋನು ಮಾಡುತ್ತೇನೆ. ಅಲ್ಲಿಯ ಹುಡುಗರು ಗುಡಿಯ ಮೈಕಿನಲ್ಲಿ ಭಜನೆಗಿಂತ ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಸಾರುತ್ತಾರೆ. ಹಿಂದಿನ ರಾತ್ರಿಯೇ ತಿಳಿದರೆ ಹೊಲದ ಕೆಲಸ ನಸುಕಿನಲ್ಲಿ ಹಚ್ಚಬಹುದು. ಮಧ್ಯಾಹ್ನ ಎರಡಕ್ಕೆ ತಿಳಿದು ಏನು ಪ್ರಯೋಜನ?

ಎಲ್ಲವೂ ಸರಿಹೋಗಿಲ್ಲ. ಹೊತ್ತು ಕಡಿಮೆಯಾದದ್ದರಿಂದ ಹಮಾಲರಿಗೆ ದಿನಕ್ಕೆ ಒಂದು ಖೇಪು ತಪ್ಪುತ್ತದೆ. ಆ ರೊಕ್ಕ ಯಾರು ತುಂಬಬೇಕೆಂಬ ಮಾತಿಗೆ ಕೆಲವು ಅಂಗಡಿಯವರು ಇನ್ನೂ ಮುಖ ತಿರುವುತ್ತಾರೆ. ನಮ್ಮ ಸಾವಕಾರರು ಎರಡು ತಿಂಗಳಿಗೆ ಖೇಪಿನ ದರ ಹೆಚ್ಚಿಸಿದ್ದಾರೆ. ಪೇಠದ ಉಳಿದ ಓಣಿಗಳಲ್ಲಿ ಮಧ್ಯಾಹ್ನದ ಗಾಡಿ ಹಾಗೆಯೇ ಓಡುತ್ತಿದೆ. ಗಡಿಯ ಎರಡೂ ಕಡೆಯ ಜಿಲ್ಲಾಡಳಿತಗಳು ಸಂದೇಶವನ್ನು ಎರಡೂ ಭಾಷೆಯಲ್ಲಿ, ಆಡುಮಾತಿನಲ್ಲಿ, ಹಿಂದಿನ ಸಂಜೆಯೇ ಕಳಿಸುವ ಮನಸ್ಸು ಮಾಡಬೇಕು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಅವರು ಹರಿಸುವವರೆಗೆ ನಾವು ಕಾಯಬೇಕಿಲ್ಲ. ಈ ಸೊನ್ನಲಿಗೆ ದನಕರುಗಳಿಗೂ ಜನರಿಗೂ ನೀರಾಗಲೆಂದು ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿಯೇ ಕೆರೆ ಕಟ್ಟಿಸಿದ ಊರು. ಕೆರೆಯನ್ನಂತೂ ನಾವು ಕಟ್ಟಲಾರೆವು, ಕೆಲಸದ ಹೊತ್ತನ್ನಾದರೂ ಬದಲಿಸಬಲ್ಲೆವು.

ಕಾಕಾ ಈಗ ಮತ್ತೆ ಬರುತ್ತಾರೆ. ಭಾರದ ಗಂಟು ಮುಟ್ಟುವುದಿಲ್ಲ. ಚೀಟಿ ಹಚ್ಚುವ, ಎಣಿಸುವ ಕೆಲಸ ಮಾಡುತ್ತಾರೆ. ಹೋದ ಬೇಸಿಗೆಯಲ್ಲಿ ಒಂದು ದಿನ ಹಲಗೆಯ ಮೇಲೆ ನಾನು ಬರೆಯುತ್ತಿದ್ದಾಗ ಹಿಂದೆ ಬಂದು ನಿಂತರು. "ಏನ್ ಬರದೀರಿ ದಿವಾಣಜಿ?" ಎಂದರು. ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೂ ಇದೇ ಬಂದಿತ್ತೇನ್ರಿ?" ಎಂದು ಕೇಳಿದರು.

"ಹೌದು ಕಾಕಾ, ಬಂದಿತ್ತು" ಎಂದೆ.

ಅವರು ಏನೂ ಅನ್ನಲಿಲ್ಲ. ಹರವಿಯಿಂದ ಒಂದು ತಂಬಿಗೆ ನೀರು ತುಂಬಿಕೊಂಡು, ಆಗ ತಾನೆ ಗಾಡಿ ತಂದು ನಿಲ್ಲಿಸಿದ ಹುಡುಗನ ಕೈಗೆ ಕೊಟ್ಟರು. "ಕುಡಿ ತಮ್ಮಾ. ಹನ್ನೊಂದಾತು, ಇನ್ನ ಗಾಡಿ ಸಾಕು."